ಕತ್ತು ಮುರಿದ ಗಿಟಾರ್

ಗಿಟಾರ್ ಬೀಳುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನುಡಿಸುತ್ತಿದ್ದವರು ಫೋನ್ ಬಂತೆಂದು ಅದನ್ನು ಸೋಫಾಕ್ಕೆ ಒರಗಿಸಿ ಎದ್ದು ಹೋಗುತ್ತಾರೆ. ಮಗು ಓಡಿ ಬರುತ್ತದೆ, ಇಲ್ಲವೇ ನೆಲದ ಮೇಲಿದ್ದ ಕೇಬಲ್ ಯಾರದೋ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಯಾರೂ ಏನೂ ಮಾಡದೆ ನುಣುಪಾದ ಗ್ರಾನೈಟ್ ನೆಲದ ಮೇಲೆ ಅದು ತಾನಾಗಿಯೇ ಇಷ್ಟಿಷ್ಟೇ ಜಾರಿ ಅಡ್ಡ ಬೀಳುತ್ತದೆ. ಆರೂ ತಂತಿಗಳು ಒಮ್ಮೆಲೇ ಕೂಗಿಕೊಂಡ ಸದ್ದು ಅಡುಗೆಮನೆಯವರೆಗೂ ಹೋಗುತ್ತದೆ. ಆಂಪ್ಲಿಫೈಯರ್ ಆನ್ ಆಗಿದ್ದರಂತೂ ಪಕ್ಕದ ಮನೆಗೂ ಸುದ್ದಿ ಮುಟ್ಟುತ್ತದೆ. ಏನಾಯ್ತು ಏನಾಯ್ತು ಎಂದು ಮನೆಯವರು ಬರುವ ಹೊತ್ತಿಗೆ ಗಿಟಾರಿನವರು ಮಂಡಿಯೂರಿ ಕೂತು, ಎತ್ತಲೋ ಬೇಡವೋ ಎಂದು ನೋಡುತ್ತಿರುತ್ತಾರೆ.

ಎತ್ತಿ ನೋಡಿದರೆ ಎಷ್ಟೋ ಸಲ ಸಮಾಧಾನದ ಸುದ್ದಿಯೇ ಇರುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಒಡಲು ಬಹುಪಾಲು ಗಟ್ಟಿ ಮರದ ಹಲಗೆ. ಅಂಚಿನಲ್ಲಿ ಬಣ್ಣ ಚಕ್ಕೆ ಎದ್ದಿರುತ್ತದೆ, ಒಂದು ಬಿರಡೆ ಸೊಟ್ಟಗಾಗಿರುತ್ತದೆ, ಶ್ರುತಿ ಕೆಟ್ಟಿರುತ್ತದೆ. ಇವೆಲ್ಲ ಒಂದು ಸಂಜೆಯ ಕೆಲಸ. ಜೀವ ಬಾಯಿಗೆ ಬರುವುದು ಕೈ ಕತ್ತಿನ ಹಿಂಭಾಗಕ್ಕೆ ಹೋದಾಗ. ಬಿರಡೆಗಳಿರುವ ತಲೆಯೂ ಕತ್ತೂ ಕೂಡುವ ಜಾಗದಲ್ಲಿ ಬಣ್ಣದ ಮೇಲೊಂದು ಸಣ್ಣ ಗೆರೆ ಕಾಣುತ್ತದೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ತಲೆಯನ್ನು ಮೆಲ್ಲಗೆ ಒತ್ತಿದರೆ ಗೆರೆ ಬಾಯಿ ಬಿಡುತ್ತದೆ, ಒಳಗೆ ಬಣ್ಣ ಕಾಣದ ಹಸಿ ಮರ ಕೆಂಪಗೆ ಕಾಣಿಸುತ್ತದೆ.

ಹೀಗೆ ಕತ್ತು ಮುರಿದುಕೊಳ್ಳುವುದರಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್ ಲೋಕಪ್ರಸಿದ್ಧ. 1952ರಲ್ಲಿ ಮಿಷಿಗನ್ ರಾಜ್ಯದ ಕ್ಯಾಲಮಜೂ ಊರಿನ ಕಾರ್ಖಾನೆಯಿಂದ ಹೊರಬಂದ ಈ ಗಿಟಾರಿನ ತಲೆ ಕತ್ತಿನಿಂದ 17 ಡಿಗ್ರಿ ಹಿಂದಕ್ಕೆ ಬಾಗಿದೆ. ಕತ್ತನ್ನೂ ತಲೆಯನ್ನೂ ಮಹಾಗನಿ ಮರದ ಒಂದೇ ತುಂಡಿನಲ್ಲಿ ಕೊರೆದಿರುವುದರಿಂದ ಬಾಗಿದ ಜಾಗದಲ್ಲಿ ಮರದ ಎಳೆಗಳು ಉದ್ದಕ್ಕೆ ಸಾಗದೆ ಅಡ್ಡಡ್ಡ ತುಂಡಾಗಿರುತ್ತವೆ. ಎಳೆಯ ಜಾಡಿನಲ್ಲಿ ಮರ ಎಷ್ಟು ಸಲೀಸಾಗಿ ಬಿರಿಯುತ್ತದೆಂಬುದು ಸೌದೆ ಸೀಳಿದವರಿಗೆಲ್ಲ ಗೊತ್ತು. ಗಿಟಾರಿನ ಕತ್ತೂ ಅದೇ ಜಾಡು ಹಿಡಿದು ಸೀಳುತ್ತದೆ. ಸಾಲದ್ದಕ್ಕೆ, ಕತ್ತು ಬಾಗದಂತೆ ಹಿಡಿದಿಡಲು ಅದರೊಳಗೊಂದು ಉಕ್ಕಿನ ಸರಳು ಇರುತ್ತದೆ. ಟ್ರಸ್ ರಾಡ್ ಎನ್ನುವ ಈ ಸರಳಿನ ಉಪಾಯಕ್ಕೆ ಗಿಬ್ಸನ್ನಿನ ನೌಕರ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಪೇಟೆಂಟ್ ಸಿಕ್ಕಿತು. ಬಹಳ ಉಪಕಾರದ ಸರಳು. ಆದರೆ ಅದನ್ನು ತಿರುಗಿಸಲು ಬೇಕಾದ ಗುಳಿಯನ್ನು ತೋಡಿದ್ದು ಸರಿಯಾಗಿ ಕತ್ತಿನ ಅತಿ ತೆಳುವಾದ ಜಾಗದಲ್ಲೇ.

ಕೇಸಿನೊಳಗೆ ಭದ್ರವಾಗಿಟ್ಟ ಗಿಟಾರೂ ಮುರಿಯುವುದುಂಟು ಎಂದರೆ ಹಲವರು ನಂಬುವುದಿಲ್ಲ. ನಿಂತ ಕೇಸು ಹಿಂದಕ್ಕೆ ಉರುಳಿ ನೆಲಕ್ಕೆ ಬಡಿದಾಗ ಒಡಲು ಥಟ್ಟನೆ ನಿಲ್ಲುತ್ತದೆ. ಆರು ಲೋಹದ ಬಿರಡೆಗಳ ಭಾರ ಹೊತ್ತ ತಲೆ ಮಾತ್ರ ಇನ್ನೂ ಮುಂದುವರಿಯಲು ನೋಡುತ್ತದೆ. ತಂತಿಗಳ ಎಳೆತ ಬೇರೆ ಮೊದಲೇ ಇದೆ. ಕೇಸಿನ ಮೇಲೆ ಗೀರೂ ಇರುವುದಿಲ್ಲ. ತೆರೆದು ನೋಡಿದರೆ ತಂತಿಗಳು ಸಡಿಲವಾಗಿ ಜೋತಾಡುತ್ತಿರುತ್ತವೆ.

ಗಿಬ್ಸನ್ ಕಂಪನಿಗೆ ಇದು ತಿಳಿಯದ್ದೇನಲ್ಲ. 1960ರ ದಶಕದ ನಡುವೆ ಬಾಗನ್ನು 14 ಡಿಗ್ರಿಗೆ ಇಳಿಸಿದರು. ಆಮೇಲೆ ಕತ್ತಿನ ಹಿಂದೆ ಆ ಜಾಗದಲ್ಲಿ ಮರದ ಒಂದು ಉಬ್ಬನ್ನೂ ಬಿಟ್ಟರು. ನುಡಿಸುವವರಿಗೆ ಉಬ್ಬು ಹಿಡಿಸಲಿಲ್ಲ. ಹಳೆಯ ನಮೂನೆಯೇ ಬೇಕೆಂದರು. ಉಬ್ಬು ಹೋಯಿತು, 17 ಡಿಗ್ರಿ ಮರಳಿತು. ಅಗ್ಗದ ಗಿಟಾರ್‌ಗಳಲ್ಲಿ ಎಷ್ಟೋ ಕಡೆ ತಲೆಯನ್ನು ಬೇರೆ ತುಂಡಿನಲ್ಲಿ ಮಾಡಿ ಓರೆಯಾಗಿ ಕೂಡಿಸಿ ಅಂಟಿಸಿರುತ್ತಾರೆ. ಅಲ್ಲಿ ಎಳೆಗಳು ತಲೆಯ ಉದ್ದಕ್ಕೇ ಸಾಗುವುದರಿಂದ, ಬೆಲೆ ಕಡಿಮೆಯಾದರೂ ಕತ್ತಿನ ಮಟ್ಟಿಗೆ ಅವು ದುಬಾರಿಯವಕ್ಕಿಂತ ಗಟ್ಟಿ.

ಇದಕ್ಕೆ ಪೂರ್ತಿ ಬೇರೆಯದೇ ಆದ ದಾರಿ ಹಿಡಿದವರು ಲಿಯೊ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಿಂದ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು ಅವರು. ಜಗತ್ತಿನ ಎರಡು ಮಹಾ ಗಿಟಾರ್‌ಗಳನ್ನು, ಟೆಲಿಕಾಸ್ಟರ್ ಮತ್ತು ಸ್ಟ್ರಾಟೊಕಾಸ್ಟರ್‌ಗಳನ್ನು, ಕೊಟ್ಟ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬಿಚ್ಚಿ ಜೋಡಿಸುವುದು. ಕೆಟ್ಟ ರೇಡಿಯೊಗಳನ್ನು ದಿನವಿಡೀ ಬಿಚ್ಚಿದವರಿಗೆ, ಯಾವುದು ಕೆಡುತ್ತದೆ, ಕೆಟ್ಟಾಗ ಸ್ಕ್ರೂಡ್ರೈವರ್ ಎಲ್ಲಿಗೆ ಹೋಗಬೇಕು ಎಂಬುದು ಕೈಗೇ ತಿಳಿದಿರುತ್ತದೆ. ಅವರ ಗಿಟಾರಿನ ತಲೆ ಬಾಗಿಲ್ಲ, ಕತ್ತಿನ ನೇರಕ್ಕೇ ಇದೆ. ಕತ್ತು ಗಟ್ಟಿ ಮೇಪಲ್ ಮರದ್ದು. ಅದನ್ನು ಒಡಲಿಗೆ ಅಂಟಿಸಿಲ್ಲ. ನಾಲ್ಕು ಸ್ಕ್ರೂಗಳಲ್ಲಿ ಬಿಗಿದಿದೆ. ಬಿದ್ದು ಕತ್ತು ಹಾಳಾದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕತ್ತು ಹಾಕಿದರಾಯಿತು. ಪಿಟೀಲು ಕೆತ್ತುವ ಪರಂಪರೆಯಲ್ಲಿ ಬಂದ ಗಿಬ್ಸನ್ನಿನವರಿಗೆ ಆ ಕಾಲಕ್ಕೆ ಇದು ವಾದ್ಯದಂತೆಯೇ ಕಂಡಿರಲಿಕ್ಕಿಲ್ಲ. ರಿಪೇರಿಯವರು ಮಾಡಿದ ವಾದ್ಯ ಅದು, ರಿಪೇರಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಇಷ್ಟಾದರೂ ಕತ್ತು ಮುರಿಯುವ ಗಿಟಾರಿಗೆ ಹೆಸರು ಕೊಟ್ಟ ಮನುಷ್ಯನ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಲೆಸ್ ಪಾಲ್ ಅಮೆರಿಕದ ದೊಡ್ಡ ಗಿಟಾರ್ ವಾದಕರು, ಯಂತ್ರಗಳ ಹುಚ್ಚಿನವರು. 1948ರ ಜನವರಿಯಲ್ಲಿ ಒಕ್ಲಹೋಮದ ರೂಟ್ 66 ಹೆದ್ದಾರಿಯಲ್ಲಿ ಹಿಮದ ಮೇಲೆ ಅವರ ಕಾರು ಜಾರಿ ಕಮರಿಗೆ ಬಿತ್ತು. ಬಲಗೈಯ ಮೊಣಕೈ ನುಚ್ಚುನೂರಾಯಿತು. ಕೈಯನ್ನು ಕತ್ತರಿಸಿ ತೆಗೆಯುವ ಮಾತೂ ಬಂತು. ಕೊನೆಗೆ ವೈದ್ಯರು ಕೈ ಉಳಿಸಿದರು. ಆದರೆ ಮೊಣಕೈ ಇನ್ನು ಮಡಚುವಂತಿರಲಿಲ್ಲ. ಯಾವುದಾದರೂ ಒಂದೇ ಕೋನದಲ್ಲಿ ಅದನ್ನು ಶಾಶ್ವತವಾಗಿ ಕೂಡಿಸಬೇಕಿತ್ತು. ಗಿಟಾರ್ ಹಿಡಿಯಲು ಬರುವಂತೆ, ತೊಂಬತ್ತು ಡಿಗ್ರಿಗೆ ತುಸು ಕಡಿಮೆ ಮಡಚಿ ಕೂಡಿಸಿಬಿಡಿ ಎಂದು ಅವರು ಕೇಳಿಕೊಂಡರು. ಹಾಗೆಯೇ ಕೂಡಿಸಿದರು. ವರ್ಷಕ್ಕೂ ಹೆಚ್ಚು ಕಾಲ ಆರೈಕೆ ನಡೆಯಿತು. ಆ ಮಡಚಿದ ಕೈಯಿಂದಲೇ ಅವರು ಮುಂದೆ ಮೇರಿ ಫೋರ್ಡ್ ಜೊತೆ ಮನೆಮಾತಾದ ಹಾಡುಗಳನ್ನು ಮಾಡಿದರು. ತೊಂಬತ್ತು ದಾಟಿದ ಮೇಲೂ ನ್ಯೂಯಾರ್ಕಿನ ಇರಿಡಿಯಂ ಕ್ಲಬ್ಬಿನಲ್ಲಿ ಸೋಮವಾರ ಸಂಜೆಗಳಲ್ಲಿ ನುಡಿಸುತ್ತಿದ್ದರು. 2009ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂಳೆ ಕೂಡಿಸುವವರ ಮುಂದೆ ಕೂತು, ನನ್ನ ಕೈ ವಾದ್ಯಕ್ಕೆ ಹೊಂದುವಂತಿರಲಿ ಎಂದು ಕೇಳಿದ ಮನುಷ್ಯನ ಹೆಸರನ್ನು ಹೊತ್ತ ಗಿಟಾರ್‌ಗಳು ಈಗ ಊರೂರುಗಳಲ್ಲಿ ರಿಪೇರಿಯವರ ಮೇಜಿನ ಮೇಲೆ ಕತ್ತು ಕೊಟ್ಟು ಮಲಗಿವೆ.

ಆ ಮೇಜಿನ ಮೇಲೆ ನಡೆಯುವ ಕೆಲಸವನ್ನು ನೋಡುವುದೇ ಒಂದು ಪಾಠ. ಮೊದಲು ತಂತಿಗಳನ್ನು ಸಡಿಲಿಸಬೇಕು. ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕೆಜಿ. ಮುರಿದ ಜಾಗವನ್ನು ಅದು ಸುಮ್ಮನೆ ಹಿಗ್ಗಿಸುತ್ತಿರುತ್ತದೆ. ಅದಕ್ಕೇ, ಬಿದ್ದ ಗಿಟಾರನ್ನು ಎತ್ತಿದವರು ಬೇರೇನೂ ಮಾಡದೆ ಬಿರಡೆಗಳನ್ನಷ್ಟು ತಿರುಗಿಸಿ ಎಳೆತ ಇಳಿಸಿದರೆ ಅರ್ಧ ಉಪಕಾರ ಮಾಡಿದಂತೆ. ಆಮೇಲೆ ಮುರಿದ ಬಾಯನ್ನು ಪದೇ ಪದೇ ತೆರೆದು ಮುಚ್ಚಿ ನೋಡಬಾರದು. ಮುರಿದ ಎರಡು ಮುಖಗಳಲ್ಲಿ ಎದ್ದಿರುವ ಸಿಬಿರುಗಳು ಒಂದಕ್ಕೊಂದು ಕಚ್ಚಿ ಕೂರುವಂಥವು. ಒಂದೊಂದು ಸಿಬಿರಿಗೂ ಎದುರಿನ ಮುಖದಲ್ಲಿ ಅದರದೇ ಸೀಳಿದೆ. ಆಡಿಸಿದಷ್ಟೂ ಅವು ಮುರುಟುತ್ತವೆ, ಮುರುಟಿದಷ್ಟೂ ಕೂಡುವುದು ಕಷ್ಟ. ಗಾಬರಿಯಲ್ಲಿ ಫೆವಿಕ್ವಿಕ್ ಹನಿಸಿಬಿಟ್ಟರೆ ಮುಂದಿನವರ ಕೆಲಸಕ್ಕೆ ಕಲ್ಲು ಬಿದ್ದ ಹಾಗೆಯೇ. ಅದು ಬೇಗ ಗಟ್ಟಿಯಾಗಿ ಮರದ ಬಾಯನ್ನು ಮುಚ್ಚಿಬಿಡುತ್ತದೆ, ಆಮೇಲೆ ಒಳ್ಳೆಯ ಅಂಟು ಮರದೊಳಕ್ಕೆ ಇಳಿಯುವುದಿಲ್ಲ.

ನುರಿತವರು ಮೊದಲು ಅಂಟಿಲ್ಲದೆಯೇ ಒಂದು ಸಲ ಎಲ್ಲವನ್ನೂ ಮಾಡಿ ನೋಡುತ್ತಾರೆ. ತಲೆಯ ಮುಂದೆ ಒಂದು ಮರದ ತುಂಡು, ಕತ್ತಿನ ಹಿಂದೆ ಅದರ ಉಬ್ಬಿಗೆ ಹೊಂದುವಂತೆ ಕೆತ್ತಿದ ಇನ್ನೊಂದು ತುಂಡು, ಅವುಗಳ ಮೇಲೆ ಕ್ಲ್ಯಾಂಪ್. ಬಿಗಿದಾಗ ಗೆರೆ ಕಾಣದಂತೆ ಮುಚ್ಚುತ್ತದೆಯೇ, ತಲೆ ಪಕ್ಕಕ್ಕೆ ಜಾರುತ್ತದೆಯೇ ಎಂದು ಕಣ್ಣಿಟ್ಟು ನೋಡುತ್ತಾರೆ. ಎಲ್ಲ ಸರಿಹೋದ ಮೇಲೆ ಕ್ಲ್ಯಾಂಪ್ ಬಿಚ್ಚಿ ಮರಗೆಲಸದ ಅಂಟನ್ನು ಬಾಯೊಳಕ್ಕೆ ಇಳಿಸುತ್ತಾರೆ. ಕುಂಚ ಹೋಗದ ಸಂದಿಗೆ ಸಿರಿಂಜಿನಲ್ಲಿ ಬಿಡುತ್ತಾರೆ. ತಲೆಯನ್ನು ತುಸುವೇ ಅಲುಗಿಸಿ ಅಂಟು ಕೊನೆಯ ಸಿಬಿರಿನವರೆಗೂ ಹೋಗುವಂತೆ ಮಾಡುತ್ತಾರೆ. ಟ್ರಸ್ ರಾಡಿಗೆ ಮಾತ್ರ ಅಂಟು ತಾಗಬಾರದು. ತಾಗಿದರೆ ಅದು ಇನ್ನೆಂದೂ ತಿರುಗುವುದಿಲ್ಲ. ಕ್ಲ್ಯಾಂಪ್ ಬಿಗಿದಂತೆ ಗೆರೆಯುದ್ದಕ್ಕೂ ಅಂಟಿನ ಸಣ್ಣ ಸಣ್ಣ ಮಣಿಗಳು ಹೊರಗೆ ಮೂಡುತ್ತವೆ. ಅವನ್ನು ಕಂಡಾಗ ರಿಪೇರಿಯವರ ಮುಖ ಸಡಿಲಾಗುತ್ತದೆ: ಅಂಟು ಎಲ್ಲ ಕಡೆ ತುಂಬಿದೆ ಎಂಬುದಕ್ಕೆ ಅದೇ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕನಿಷ್ಠ ಒಂದು ಇಡೀ ದಿನ ಅದರ ತಂಟೆಗೆ ಹೋಗುವುದಿಲ್ಲ. ತಂತಿ ಏರಿಸುವುದು ಇನ್ನೂ ಆಮೇಲೆ.

ಉದ್ದಕ್ಕೆ ಓರೆಯಾಗಿ ಸೀಳಿದ ಮುರಿತವಾದರೆ ಇಷ್ಟೇ ಸಾಕು, ಅಂಟು ಹಿಡಿಯಲು ಜಾಗ ಬೇಕಾದಷ್ಟಿದೆ. ಒಳ್ಳೆಯ ಅಂಟಿನ ಕೂಡಿಕೆ ಸುತ್ತಲಿನ ಮರಕ್ಕಿಂತ ಗಟ್ಟಿ. ಇನ್ನೊಮ್ಮೆ ಬಿದ್ದರೆ ಕತ್ತು ಪಕ್ಕದಲ್ಲಿ ಬೇರೆಡೆ ಮುರಿಯುವುದೇ ಹೆಚ್ಚು. ಅಡ್ಡಕ್ಕೆ ಪಟ್ಟೆಂದು ತುಂಡಾಗಿದ್ದರೆ, ಅಥವಾ ಹಿಂದೆ ಯಾರೋ ಕೂಡಿಸಿದ್ದು ಮತ್ತೆ ಬಿಟ್ಟಿದ್ದರೆ, ಕತ್ತಿನ ಹಿಂದೆ ಎರಡು ಸಣ್ಣ ಕಾಲುವೆ ತೋಡಿ, ಮುರಿತವನ್ನು ದಾಟಿ ಹೋಗುವಂತೆ ಗಟ್ಟಿ ಮರದ ಪಟ್ಟಿಗಳನ್ನು ಕೂರಿಸಿ ಕೆತ್ತಿ ನಯ ಮಾಡುತ್ತಾರೆ. ಪಿಟೀಲಿನ ರಿಪೇರಿಯವರು ಇವತ್ತಿಗೂ ಪ್ರಾಣಿಗಳ ಚರ್ಮ ಕುದಿಸಿ ಮಾಡಿದ ಹಳೆಯ ಅಂಟನ್ನೇ ಬಳಸುತ್ತಾರೆ. ಬಿಸಿಯೂ ತೇವವೂ ತಾಕಿದರೆ ಅದು ಬಿಡುತ್ತದೆ. ಐವತ್ತು ವರ್ಷದ ಮೇಲೆ ಇನ್ಯಾರೋ ಬಿಚ್ಚಬೇಕಾಗಿ ಬಂದರೆ ಬಿಚ್ಚಲಿ ಎಂಬ ಆ ಯೋಚನೆಗೆ ಕೈ ಮುಗಿಯಬೇಕು.

ನಮ್ಮ ಕಡೆ ವಾದ್ಯಗಳ ರಿಪೇರಿ ಹೊಸ ವಿಷಯವೇನಲ್ಲ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದೇ ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ. ಮೇಣ ಹಳತಾಗಿ ಮೆಟ್ಟಿಲು ಅಲುಗಿದರೆ ಮತ್ತೆ ಮೇಳ ಕಟ್ಟಿಸಬೇಕು. ಅದನ್ನು ಯಾರೂ ದುರಂತವೆಂದು ಎಣಿಸುವುದಿಲ್ಲ. ಧಾರವಾಡ ಸೀಮೆಯ ಗವಾಯಿಗಳ ತಂಬೂರಿಯ ಬುರುಡೆ ಬಿರುಕು ಬಿಟ್ಟರೆ ಮೀರಜಿನ ದಾರಿ ಹಿಡಿಯುತ್ತದೆ. ಸಿತಾರು, ತಂಬೂರಿ ಮಾಡುವವರ ಮನೆತನಗಳು ಅಲ್ಲಿ ತಲೆಮಾರುಗಳಿಂದ ಇವೆ. ಬೆಂಗಳೂರಿನಲ್ಲಿ ಈಗ ಗಿಟಾರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅವರ ಮೇಜಿಗೆ ಬರುವ ಅಮೆರಿಕದ ಗಿಟಾರ್‌ಗಳಲ್ಲಿ ಒಂದು ಭಾಗ ನಮ್ಮ ಕಡೆಯ ಕಾಡಿನ ಮರದ್ದೇ ಆಗಿರಬಹುದು. ಬೆರಳುಗಳು ಓಡಾಡುವ ಆ ಕಪ್ಪುಗೆಂಪು ಪಟ್ಟಿ ಎಷ್ಟೋ ಗಿಟಾರ್‌ಗಳಲ್ಲಿ ಬೀಟೆ ಮರದ್ದು. 1960ರ ದಶಕದಲ್ಲಿ ಬ್ರೆಜಿಲಿನ ಮರ ಸಿಗುವುದು ಕಷ್ಟವಾದ ಮೇಲೆ ಗಿಟಾರ್ ಕಂಪನಿಗಳು ಭಾರತದ ಬೀಟೆಗೆ ಬಂದವು. ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆಗಳ ಮರ ಅದು. ಮೈಸೂರಿನ ಕುಶಲಕರ್ಮಿಗಳು ಚಿತ್ತಾರ ಕೂರಿಸುವುದೂ ಅದರ ಮೇಲೆಯೇ. ಬೀಟೆಯ ಇಡೀ ಕುಲವನ್ನು 2017ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಗೆ ಸೇರಿಸಿದಾಗ, ಗಿಟಾರ್ ಹಿಡಿದು ದೇಶ ದಾಟುವವರೂ ಕಾಗದಪತ್ರಗಳಿಗಾಗಿ ತಲೆ ಕೆಡಿಸಿಕೊಂಡರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಮರದ ಕಥೆ ಮುಗಿದರೂ ಬಿದ್ದ ಗಿಟಾರಿನ ಕಥೆ ಮುಗಿಯುವುದಿಲ್ಲ, ಇದು ಕರೆಂಟಿನ ಗಿಟಾರ್. ಕೇಬಲ್ ಚುಚ್ಚಿದ್ದ ಕಡೆಗೇ ಬಿದ್ದರೆ ಮೊದಲ ಪೆಟ್ಟು ಜ್ಯಾಕಿಗೆ. ಪ್ಲಾಸ್ಟಿಕ್ ತಗಡು ಸೀಳುತ್ತದೆ, ಒಳಗೆ ಬೆಸುಗೆ ಬಿಡುತ್ತದೆ, ಗಿಟಾರ್ ಒಮ್ಮೆ ಗೊರಗೊರ ಎಂದು ಸುಮ್ಮನಾಗುತ್ತದೆ. ಈ 6.35 ಮಿಲಿಮೀಟರ್ ಜ್ಯಾಕು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲವೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರುಗಳು ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಕೂಡಿಸಲು ಚುಚ್ಚುತ್ತಿದ್ದದ್ದು ಇದನ್ನೇ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹೋಗಿ ಕೇಳಿದರೆ ಕಡಿಮೆ ದುಡ್ಡಿಗೆ ಸಿಗುತ್ತದೆ. ಸಾಲ್ಡರಿಂಗ್ ಹಿಡಿಯಬಲ್ಲ ಯಾರಾದರೂ ಹಾಕಿಕೊಡಬಹುದು. ತಂತಿಗಳ ದನಿ ಹಿಡಿಯುವ ಪಿಕಪ್ ಸತ್ತಿದ್ದರೆ ಸ್ವಲ್ಪ ತಾಳ್ಮೆ ಬೇಕು. ಅಯಸ್ಕಾಂತಗಳ ಸುತ್ತ 0.06 ಮಿಲಿಮೀಟರಿನಷ್ಟು ತೆಳು ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಎಲ್ಲೋ ಒಂದು ಕಡೆ ಅದು ಕಡಿದಿದ್ದರೂ ದನಿ ಇಲ್ಲ. ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಗೊತ್ತಿದ್ದವರಿಗೆ ಕೆಲಸದ ಬಗೆ ಹೊಸದಲ್ಲ, ತಂತಿಯ ತೆಳುವು ಮಾತ್ರ ಹೊಸದು.

ಬಿದ್ದದ್ದೆಲ್ಲ ಕೆಟ್ಟೇ ಹೋಗಬೇಕೆಂದೂ ಇಲ್ಲ. 1951ರ ಮಾರ್ಚಿನಲ್ಲಿ ಐಕ್ ಟರ್ನರ್ ಅವರ ತಂಡ ರೆಕಾರ್ಡಿಂಗಿಗೆಂದು ಮಿಸಿಸಿಪ್ಪಿಯಿಂದ ಮೆಂಫಿಸ್‌ಗೆ ಕಾರಿನಲ್ಲಿ ಹೊರಟಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲೀ ಕಿಜಾರ್ಟ್ ಅವರ ಆಂಪ್ಲಿಫೈಯರ್ ಕಾರಿನ ಮೇಲಿಂದ ಬಿತ್ತೆಂದು ಸ್ಟುಡಿಯೊದ ಸ್ಯಾಮ್ ಫಿಲಿಪ್ಸ್ ಹೇಳುತ್ತಿದ್ದರು. ಮಳೆಯಲ್ಲಿ ನೆನೆಯಿತೆಂದೂ ಕೆಲವರು ಹೇಳುತ್ತಾರೆ. ಸ್ಪೀಕರಿನ ಕೋನ್ ಹರಿದಿತ್ತು. ಸರಿ ಮಾಡಿಸಲು ಹೊತ್ತಿರಲಿಲ್ಲ. ಒಳಗೆ ಕಾಗದ ತುರುಕಿ ನುಡಿಸಿ ನೋಡಿದರು. ಗಿಟಾರ್ ಒರಟಾಗಿ ಗುರುಗುಟ್ಟಿತು, ಸ್ಯಾಕ್ಸೊಫೋನಿನ ದನಿಯ ಹತ್ತಿರ ಬಂತು. ಫಿಲಿಪ್ಸ್ ಅದನ್ನು ಅಡಗಿಸಲಿಲ್ಲ, ಮುಂದಕ್ಕೇ ತಂದರು. ‘ರಾಕೆಟ್ 88’ ಎಂಬ ಆ ಹಾಡು ಬಿಲ್‌ಬೋರ್ಡಿನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇವತ್ತು ಅಂಗಡಿಗಳಲ್ಲಿ ದುಡ್ಡು ಕೊಟ್ಟು ತರುವ ಫಜ್ ಪೆಡಲುಗಳು ಅಂಥ ಒರಟು ದನಿಯನ್ನೇ ಬೆನ್ನಟ್ಟಿದವು. ನ್ಯೂಯಾರ್ಕಿನಲ್ಲಿ 1953ರಲ್ಲಿ ಡಿಜ್ಜಿ ಗಿಲೆಸ್ಪಿ ಸ್ಟ್ಯಾಂಡಿನ ಮೇಲಿಟ್ಟಿದ್ದ ಟ್ರಂಪೆಟ್ ಮೇಲೆ ಯಾರೋ ಬಿದ್ದು ಅದರ ಬಾಯಿ ಮೇಲಕ್ಕೆ ಬಾಗಿತು. ಬಾಗಿದ್ದರಲ್ಲಿ ನುಡಿಸಿದಾಗ ದನಿ ತಮ್ಮ ಕಿವಿಗೇ ಬೇಗ ಬಂದದ್ದು ಅವರಿಗೆ ಹಿಡಿಸಿತು. ಆಮೇಲೆ ಕಾರ್ಖಾನೆಗೆ ಹೇಳಿ ಬಾಗಿದ ಟ್ರಂಪೆಟ್ಟನ್ನೇ ಮಾಡಿಸಿಕೊಂಡರು.

ಲಂಡನ್ನಿನ ಹ್ಯಾರೋ ಪ್ರದೇಶದ ರೈಲ್ವೆ ಹೋಟೆಲಿನಲ್ಲಿ 1964ರಲ್ಲಿ ನಡೆದದ್ದೂ ಆಕಸ್ಮಿಕವೇ. ಅಲ್ಲಿನ ವೇದಿಕೆಯ ಮೇಲೆ ಸೂರು ತೀರಾ ತಗ್ಗು. ದ ಹೂ ಎಂಬ ರಾಕ್ ತಂಡದ ಪೀಟ್ ಟೌನ್‌ಶೆಂಡ್ ನುಡಿಸುತ್ತಾ ಗಿಟಾರ್ ಮೇಲೆತ್ತಿದಾಗ ಅದು ಸೂರಿಗೆ ಬಡಿದು ತಲೆ ಮುರಿಯಿತು. ಕೇಳುತ್ತಿದ್ದವರಲ್ಲಿ ಕೆಲವರು ನಕ್ಕರು. ಸಿಟ್ಟಿಗೆದ್ದ ಹುಡುಗ ಉಳಿದದ್ದನ್ನೂ ಒಡೆದುಹಾಕಿದ. ಮುಂದೆ ಒಡೆಯುವುದೇ ಆ ತಂಡದ ಹೆಸರಾಯಿತು. ಜನ ಒಡೆಯುವುದನ್ನು ನೋಡಲು ಬಂದರು. ಗಿಟಾರ್‌ಗಳು ಬಹಳ ದುಬಾರಿ, ತಂಡದ ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಟೌನ್‌ಶೆಂಡ್ ಒಡೆದ ತುಂಡುಗಳನ್ನು ಅಂಟು ಹಾಕಿ ಕೂಡಿಸಿ ಮತ್ತೆ ನುಡಿಸುತ್ತಿದ್ದರು. ಆ ದಿನಗಳ ಬಗ್ಗೆ ಬರೆದವರು ಒಡೆದ ಕ್ಷಣಗಳನ್ನು ಎಷ್ಟು ಹೊಗಳಿದ್ದಾರೋ, ಅಂಟಿನ ಡಬ್ಬಿ ಹಿಡಿದು ಕೂತ ಆ ಹೊತ್ತುಗಳನ್ನೂ ಅಷ್ಟೇ ನೆನೆಯಬೇಕಿತ್ತು.

ಕೂಡಿಸಲಾಗದ ಗಿಟಾರೂ ಇರುತ್ತದೆ. 1969ರಲ್ಲಿ ಟೆಕ್ಸಸ್‌ನ ಹೆಲೋಟಿಸ್‌ ಊರಿನಲ್ಲಿ ಕುಡಿದವನೊಬ್ಬ ಗಾಯಕ ವಿಲೀ ನೆಲ್ಸನ್ ಅವರ ಬಾಲ್ಡ್‌ವಿನ್ ಗಿಟಾರಿನ ಮೇಲೆ ಕಾಲಿಟ್ಟುಬಿಟ್ಟ. ಅದನ್ನು ರಿಪೇರಿಗೆಂದು ನ್ಯಾಶ್‌ವಿಲ್‌ನ ಶಾಟ್ ಜ್ಯಾಕ್ಸನ್ ಅವರಿಗೆ ಕಳಿಸಿದರು. ಆಗದು ಎಂದರು ಜ್ಯಾಕ್ಸನ್. ಆದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. ತಮ್ಮಲ್ಲಿದ್ದ ಮಾರ್ಟಿನ್ ಎನ್-20 ಗಿಟಾರಿಗೆ ಹಳೆಯದರ ಪಿಕಪ್ಪನ್ನು ಬಿಚ್ಚಿ ಕೂರಿಸಿದರು. ನೆಲ್ಸನ್ 750 ಡಾಲರ್ ಕೊಟ್ಟು ಕೊಂಡು, ಸಿನಿಮಾ ಕುದುರೆಯೊಂದರ ಹೆಸರನ್ನು ಅದಕ್ಕಿಟ್ಟರು: ಟ್ರಿಗರ್. ಅವರ ಕೈ ಸವೆಸಿ ಸವೆಸಿ ಅದರ ಎದೆಯಲ್ಲಿ ಒಂದು ದೊಡ್ಡ ತೂತೇ ಬಿದ್ದಿದೆ. ಆಸ್ಟಿನ್ನಿನ ಮಾರ್ಕ್ ಅರ್ಲ್‌ವೈನ್ ಅದರ ಒಳಗಿನ ಪಟ್ಟಿಗಳನ್ನು ಬಲಪಡಿಸುತ್ತಾ, ತೂತನ್ನು ತೂತಾಗಿಯೇ ಬಿಟ್ಟು, ಎಷ್ಟೋ ವರ್ಷಗಳಿಂದ ಅದನ್ನು ನೋಡಿಕೊಂಡು ಬಂದಿದ್ದಾರೆ.

ಮುರಿದು ಕೂಡಿಸಿದ ಗಿಟಾರಿಗೆ ಮಾರುಕಟ್ಟೆ ಇಂಥ ಮರ್ಯಾದೆ ಕೊಡುವುದಿಲ್ಲ. ಕತ್ತಿನ ಹಿಂದೆ ಗೆರೆ ಇದೆಯೆಂದರೆ ಬೆಲೆ ಅರ್ಧಕ್ಕೆ ಇಳಿಯುವುದುಂಟು. ಸಂಗ್ರಹಕಾರರು ಮೂಗು ಮುರಿಯುತ್ತಾರೆ. ಅದರಿಂದ ಲಾಭವಾಗುವುದು ನಿಜವಾಗಿ ನುಡಿಸಬೇಕೆಂದಿರುವ, ಜೇಬು ಚಿಕ್ಕದಿರುವ ಹುಡುಗ ಹುಡುಗಿಯರಿಗೆ. ಹೊಸತಾಗಿ ಎಂದೂ ಕೈಗೆಟುಕದ ಲೆಸ್ ಪಾಲ್ ಹೀಗೆ ಅವರ ಮನೆಗೆ ಬರಬಹುದು. ಕೊಳ್ಳುವ ಮುಂಚೆ ತಂತಿಗಳನ್ನು ಪೂರ್ತಿ ಶ್ರುತಿಗೆ ಏರಿಸಿ ಒಂದು ಗಂಟೆ ಬಿಡಬೇಕು; ಶ್ರುತಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ಕೂಡಿಕೆ ಜಾರುತ್ತಿರಬಹುದೆಂದು ಅನುಮಾನಿಸಬೇಕು. ಹಿಂಭಾಗದ ಗೆರೆಯ ಮೇಲೆ ಉಗುರು ಆಡಿಸಬೇಕು, ಸಿಕ್ಕಿಕೊಳ್ಳಬಾರದು. ಟ್ರಸ್ ರಾಡ್ ಎರಡೂ ಕಡೆ ಸ್ವಲ್ಪ ತಿರುಗಬೇಕು. ಇಷ್ಟೂ ಸರಿಯಿದ್ದರೆ ಧೈರ್ಯವಾಗಿ ದುಡ್ಡು ಕೊಟ್ಟು ತರಬಹುದು. ಬರುವಾಗ ಮಾರಿದವರನ್ನು ಕೇಳಿ, ಅದನ್ನು ಕೂಡಿಸಿಕೊಟ್ಟವರ ಫೋನ್ ನಂಬರನ್ನೂ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.